ಒಂದು ಚುಕ್ಕೆ, ಎರಡು ಚುಕ್ಕೆ

ಭಾನುವಾರ ನನ್ನ ಅಂಗಡಿಯಲ್ಲಿ ಚಹಾದ ಜೊತೆ ಚಮಚ ಕೊಡುವುದಿಲ್ಲ. ಹೊಸಬರು ಯಾರಾದರೂ ಕೇಳಿದರೆ, ಸಕ್ಕರೆ ಗಡ್ಡೆಯನ್ನು ದವಡೆಯಲ್ಲಿಟ್ಟುಕೊಂಡು ಕುಡಿಯಿರಿ, ಆಗದಿದ್ದರೆ ಕಹಿಯಾಗಿಯೇ ಕುಡಿಯಿರಿ ಎನ್ನುತ್ತೇನೆ. ಇದು ಟರ್ಕಿಯ ಪೂರ್ವಕ್ಕಿರುವ ಎರ್ಜುರುಮ್ ಕಡೆಯವರ ಪದ್ಧತಿ. ಇಸ್ತಾಂಬುಲಿನ ಕಾದಿಕೊಯ್‌ನಲ್ಲಿ ಹುಟ್ಟಿ ಬೆಳೆದ ನಮಗೆ ಅದನ್ನು ಕಲಿಸಿದವರು ಅಲ್ಲಿಂದ ಬಂದ ಸಬ್ರಿ ಮೇಷ್ಟ್ರು. ಊರಿನ ಅಭಿಮಾನಕ್ಕೆ ಕಲಿಸಿದ್ದಲ್ಲ. ರೆಕಾರ್ಡು ತಿರುಗುತ್ತಿರುವಾಗ ಗಾಜಿನ ಲೋಟದಲ್ಲಿ ಚಮಚ ಟಿಣ್ ಎಂದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ದೊಡ್ಡ ಪತ್ರಿಕೆಯ ಸಂಗೀತ ವಿಮರ್ಶಕನೊಬ್ಬನನ್ನು ಇದೇ ತಪ್ಪಿಗೆ ಎದ್ದು ಹೊರಗೆ ಹೋಗು ಎಂದಿದ್ದರು. ಅವನು ಅರ್ಧ ಲೋಟ ಚಹಾ ಬಿಟ್ಟು ಎದ್ದು ಹೋದ. ಉಳಿದರ್ಧವನ್ನು ನಾನು ಕುಡಿದೆ, ಸುಮ್ಮನೆ ಯಾಕೆ ಚೆಲ್ಲಬೇಕು.

ನಾವು ನಾಲ್ವರು. ನಾನು ನೆಸ್ರಿನ್, ಅಂಗಡಿಸಾಲಿನ ಕಟ್ಟಡದ ನೆಲಮಾಳಿಗೆಯ ಈ ರೆಕಾರ್ಡು ಅಂಗಡಿಯ ಒಡತಿ. ಅಪ್ಪನಿಂದ ಬಂದ ಅಂಗಡಿಯನ್ನು ಗಂಡನ ಕೈಗೆ ಸಿಗದಂತೆ ಉಳಿಸಿಕೊಂಡವಳು. ತುರ್ಗಾಯ್ ಹಲ್ಲಿನ ಡಾಕ್ಟರು. ಗಿಟಾರು ಎಷ್ಟು ಕಿರುಚಿದರೆ ಅಷ್ಟು ಸಂತೋಷ ಅವನಿಗೆ. ಫಿಗೆನ್ ಅಕ್ಕ ಫೆರಿ ಘಾಟಿನ ಕಿಟಕಿಯಲ್ಲಿ ಕೂತು ಟಿಕೆಟ್ ಕೊಟ್ಟೂ ಕೊಟ್ಟೂ ನಿವೃತ್ತಳಾದವಳು. ಸುಲ್ತಾನರ ಕಾಲದ ರಾಗಗಳನ್ನು ಬಿಟ್ಟರೆ ಉಳಿದದ್ದಕ್ಕೆಲ್ಲ ಮೂಗು ಮುರಿಯುತ್ತಿದ್ದಳು. ಇನ್ನು ಸಬ್ರಿ ಮೇಷ್ಟ್ರು ಭೂಗೋಳ ಕಲಿಸುತ್ತಿದ್ದವರು. ನಮ್ಮ ಪೈಕಿ ನಿಜವಾದ ಕಿವಿ ಇದ್ದದ್ದು ಅವರೊಬ್ಬರಿಗೇ.

ಪ್ರತಿ ಭಾನುವಾರ ಬೆಳಿಗ್ಗೆ ಒಬ್ಬರು ಇನ್ನೊಬ್ಬರಿಗಾಗಿ ಒಂದು ರೆಕಾರ್ಡನ್ನು ಹಳೇ ಪೇಪರಿನಲ್ಲಿ ಸುತ್ತಿ ತರಬೇಕು. ತನಗಾಗಿ ತಾನೇ ಆರಿಸುವಂತಿಲ್ಲ. ಕವರು ತೋರಿಸುವಂತಿಲ್ಲ. ಮೊದಲ ಮಗ್ಗುಲು ಪೂರ್ತಿ ಮುಗಿಯುವವರೆಗೆ ಯಾರೂ ಉಸಿರೆತ್ತುವಂತಿಲ್ಲ. ಆಮೇಲೆ ಅದು ಯಾರಿಗೆಂದು ತಂದದ್ದೋ ಅವರು ಮನೆಗೆ ಒಯ್ದು ಒಂದು ವಾರ ಅದರ ಜೊತೆ ಸಂಸಾರ ಮಾಡಿ, ಮುಂದಿನ ಭಾನುವಾರ ಬಂದು ನಿಜ ಹೇಳಬೇಕು. 'ಚೆನ್ನಾಗಿದೆ' ಎಂಬ ಮಾತು ನಿಷಿದ್ಧ.

"ಚೆನ್ನಾಗಿದೆ ಅನ್ನೋದು ಮದುವೆ ಊಟದಲ್ಲಿ ಹೇಳೋ ಮಾತು. ಅಲ್ಲಿ ಬೇರೆ ದಾರಿ ಇರಲ್ಲ. ಇಲ್ಲಿ ಏನು ಕೇಳಿಸ್ತೋ ಅದನ್ನ ಹೇಳಿ" ಎನ್ನುತ್ತಿದ್ದರು ಮೇಷ್ಟ್ರು.

ಹೀಗೆ ಒಬ್ಬರ ತಲೆಯೊಳಗಿನದು ಇನ್ನೊಬ್ಬರ ತಲೆಗೆ ದಾಟುತ್ತಿತ್ತು. ತುರ್ಗಾಯ್ ಒಮ್ಮೆ ಫಿಗೆನ್ ಅಕ್ಕನಿಗೆ ಫಿನ್ಲೆಂಡಿನ ಯಾವುದೋ ತಂಡದ ಭಯಂಕರ ಗದ್ದಲದ ಆಲ್ಬಮ್ ತಂದುಕೊಟ್ಟ. ಅವಳು ಅದನ್ನು ಸತ್ತ ಇಲಿಯನ್ನು ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದು ಮನೆಗೆ ಒಯ್ದಳು. ಮುಂದಿನ ವಾರ ಬಂದು, "ಪಾತ್ರೆ ತೊಳೀತಾ ಕೇಳ್ತಿದ್ದೆ ಕಣೋ. ಮೂರನೇ ಸಲಕ್ಕೆ ಗೊತ್ತಾಯ್ತು, ಅವನು ಬೈತಿಲ್ಲ, ಅಳ್ತಿದಾನೆ" ಎಂದಳು.  ಮೇಷ್ಟ್ರು ತುರ್ಗಾಯ್‌ಗೆ ಇಥಿಯೋಪಿಯಾದ ಮುದುಕನೊಬ್ಬನ ಸ್ಯಾಕ್ಸೊಫೋನ್ ಆಲ್ಬಮ್ಮಿನ ಮರುಮುದ್ರಣ ಕೊಟ್ಟಿದ್ದರು. ಅದನ್ನೀಗ ಅವನು ಕ್ಲಿನಿಕ್ಕಿನಲ್ಲಿ ಹಾಕುತ್ತಾನೆ. ಹಲ್ಲು ಕೀಳಿಸಿಕೊಂಡವರು ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಯಾರದು ಇದು ಎಂದು ಕೇಳುತ್ತಾರಂತೆ. ನನಗೆ ಮೇಷ್ಟ್ರು ಕೊಟ್ಟದ್ದು ಪೋರ್ಚುಗಲ್ಲಿನ ಆಲಿವ್ ತೋಟದ ಹೆಂಗಸರು ವಾದ್ಯವಿಲ್ಲದೆ ಹಾಡಿದ ಒಂದು ರೆಕಾರ್ಡು. ಅದರ ಎರಡನೇ ಮಗ್ಗುಲಲ್ಲಿ ಹಾಡಿನ ನಡುವೆ ಒಬ್ಬಳು ಕೆಮ್ಮುತ್ತಾಳೆ. "ಆ ಕೆಮ್ಮಿಗೋಸ್ಕರ ನಿಂಗೆ ತಂದೆ. ನಿನ್ನ ಥರಾನೇ, ನಿಲ್ಲಿಸಲ್ಲ ಅವಳು" ಎಂದಿದ್ದರು.

ಅಂಥ ಕಿವಿ ಅವರದು. ಹೊರದೇಶದ ಚಿಕ್ಕ ಕಂಪನಿಗಳು ನಮ್ಮ ಹಳೆಯ ರೆಕಾರ್ಡುಗಳನ್ನು ಮತ್ತೆ ಒತ್ತಿ ಹೊರತರುವಾಗ ಅವರನ್ನು ಕೇಳದೆ ಮುಂದುವರಿಯುತ್ತಿರಲಿಲ್ಲ. ಕವರಿನ ಹಿಂದೆ ಸಣ್ಣ ಅಕ್ಷರದಲ್ಲಿ 'ಕೇಳಿ ಒಪ್ಪಿದವರು: ಸಬ್ರಿ ಮೇಷ್ಟ್ರು' ಎಂದು ಇದ್ದರೆ, ಬೆರ್ಲಿನ್ನಿನಲ್ಲಿ ಕೂತವನೂ ಕಣ್ಣು ಮುಚ್ಚಿಕೊಂಡು ಕೊಳ್ಳುತ್ತಿದ್ದ. ಅವರಿಗೆ ಪಿಂಚಣಿ ಇತ್ತು, ಮೋದಾದಲ್ಲಿ ಸಮುದ್ರ ಕಾಣುವ ಹಳೆಯ ಮನೆ ಇತ್ತು. ಆದರೆ ಆ ಸಣ್ಣ ಅಕ್ಷರಗಳಷ್ಟು ಬೇರೆ ಯಾವುದರ ಹೆಮ್ಮೆಯೂ ಅವರಿಗಿರಲಿಲ್ಲ.

ಇತ್ತೀಚೆಗೆ ಮಾತ್ರ ಅವರ ಗೊಣಗಾಟ ಹೆಚ್ಚಾಗಿತ್ತು. ಯಾವ ರೆಕಾರ್ಡು ಹಾಕಿದರೂ, "ಕಂಬಳಿ ಹೊದಿಸಿ ಒತ್ತಿದಾರೆ. ಈಗಿನವರಿಗೆ ಬೆಳಕು ಅಂದ್ರೆ ಭಯ" ಎನ್ನುತ್ತಿದ್ದರು. ನನ್ನ ಅಂಗಡಿಯ ಪ್ಲೇಯರಿನ ಮುಳ್ಳು ಸರಿಯಿಲ್ಲ ಎಂದರು. ಬದಲಿಸಿದೆ. ಅವರ ಮನೆಯ ಮುಳ್ಳೂ ಸರಿಯಿಲ್ಲ ಎಂದರು. ಒಳ್ಳೆಯದನ್ನೇ ಕೊಟ್ಟೆ. ಕೆಲವು ತಿಂಗಳಿಗೆ ಅದೂ ಮೊಂಡಾಯಿತು ಎಂದು ವಾಪಸು ತಂದರು. ವಯಸ್ಸಾದ ಗಂಡಸರ ಗೊಣಗಾಟಕ್ಕೆ ಕಾರಣ ಹುಡುಕುವ ಚಟ ನನಗಿಲ್ಲ, ಹಾಗಾಗಿ ಹೂಂಗುಟ್ಟಿದೆ.

ಹೀಗಿರುವಾಗ ರೋಟರ್‌ಡ್ಯಾಮ್‌ನ ಓರ್ಹುನ್‌ನಿಂದ ಪಾರ್ಸೆಲ್ ಬಂತು.

ಓರ್ಹುನ್ ಅಲ್ಲಿ ಒಂದು ಕೋಣೆಯಷ್ಟು ಕಂಪನಿ ಇಟ್ಟುಕೊಂಡಿರುವ ನಮ್ಮವನೇ ಹುಡುಗ. ಅವನು ಈ ಸಲ ಹೊರತರಲು ಹೊರಟದ್ದು 'ಮೂರು ಕಿಟಕಿ' ಎಂಬ ತಂಡದ ಒಂದೇ ಒಂದು ಆಲ್ಬಮ್ಮನ್ನು. ಎಪ್ಪತ್ತರ ದಶಕದಲ್ಲಿ ಎರ್ಜುರುಮ್‌ನ ಶಿಕ್ಷಕರ ಕಾಲೇಜಿನ ಕೆಲವರು ಸೇರಿ ಕಟ್ಟಿದ ತಂಡ ಅದು. ಸಾಜ್ ಎಂಬ ತಂತಿವಾದ್ಯ, ಆರ್ಗನ್, ಡ್ರಮ್ಮು. ರೈಲಿನಲ್ಲಿ ಇಸ್ತಾಂಬುಲಿಗೆ ಬಂದು ಒಂದೇ ದಿನ ಹಾಡಿ ಹೋದರು. ರೆಕಾರ್ಡು ಮಾರಾಟವಾಗಲಿಲ್ಲ, ತಂಡ ಚದುರಿತು. ಮೂಲ ಟೇಪು ಕಳೆದುಹೋಗಿದೆ ಎಂದೇ ಎಲ್ಲರೂ ನಂಬಿದ್ದರು. ಅದೀಗ ಸ್ಟುಡಿಯೋ ಮಾಲೀಕನ ಸೋದರಳಿಯನ ಕಲ್ಲಿದ್ದಲ ಗೂಡಿನಲ್ಲಿ ಸಿಕ್ಕಿತ್ತು.

ಆ ಆಲ್ಬಮ್ಮಿನಲ್ಲಿ ಬಿಲ್ಲೆಗಳ ದಫ್ ಅಲ್ಲಾಡಿಸಿದವಳು ಮುಅಲ್ಲಾ. ಮೇಷ್ಟ್ರ ಹೆಂಡತಿ. ಅಂದು ಇನ್ನೂ ಹೆಂಡತಿ ಆಗಿರಲಿಲ್ಲ. ಅವಳ ಹೆಸರು ಕವರಿನಲ್ಲಿಲ್ಲ, ಹಾಡಲು ಬಂದವರ ಜೊತೆ ಬುತ್ತಿ ಹೊತ್ತು ಬಂದಿದ್ದಳು ಅಷ್ಟೇ. ಸ್ಟುಡಿಯೋ ಮೂಲೆಯಲ್ಲಿ ಬಿದ್ದಿದ್ದ ದಫ್ ಎತ್ತಿಕೊಂಡು ಎರಡನೇ ಹಾಡಿಗೆ ತನ್ನಷ್ಟಕ್ಕೆ ಅಲ್ಲಾಡಿಸಿದಳು, ಯಾರೂ ಬೇಡ ಎನ್ನಲಿಲ್ಲ. ಅವಳು ತೀರಿಕೊಂಡು ಕೆಲವು ವರ್ಷಗಳಾಗಿವೆ. ಅವಳ ಧ್ವನಿ ಎಲ್ಲೂ ಉಳಿದಿಲ್ಲ, ಆ ದಫ್ ಒಂದು ಬಿಟ್ಟರೆ.

ತಂಡದಲ್ಲಿ ಬದುಕಿ ಉಳಿದವರು ಓರ್ಹುನ್‌ಗೆ ಒಂದೇ ಷರತ್ತು ಹಾಕಿದ್ದರು, ಸಬ್ರಿ ಒಪ್ಪಿದ ಹಾಗೆ ಒತ್ತು ಎಂದು. ಅವನು ಎರಡು ಬಗೆಯಲ್ಲಿ ಒತ್ತಿದ ಎರಡು ಪರೀಕ್ಷಾ ಪ್ರತಿ ಕಳಿಸಿದ್ದ. ಎರಡಕ್ಕೂ ಬರೀ ಬಿಳಿ ಲೇಬಲ್. ಒಂದರ ಮೇಲೆ ಪೆನ್ನಿನಿಂದ ಒಂದು ಚುಕ್ಕೆ, ಇನ್ನೊಂದರ ಮೇಲೆ ಎರಡು ಚುಕ್ಕೆ. ಯಾವುದಾದರೊಂದನ್ನು ಆರಿಸಿ ಬುಧವಾರದೊಳಗೆ ಹೇಳಬೇಕು, ಆಮೇಲೆ ಕಾರ್ಖಾನೆಯವರು ಒತ್ತಲು ಶುರುಮಾಡುತ್ತಾರೆ.

ಆ ಭಾನುವಾರ ಬೇರೆ ಯಾರೂ ರೆಕಾರ್ಡು ತರಲಿಲ್ಲ. ಸಕ್ಕರೆ ದವಡೆಗೆ ಸೇರಿತು. ನಾನು ಒಂದು ಚುಕ್ಕೆಯದನ್ನು ಹಾಕಿದೆ.

ಎರಡನೇ ಹಾಡಿಗೆ ಬರುವ ಹೊತ್ತಿಗೆ ನನ್ನ ತೋಳಿನ ಕೂದಲು ನಿಂತಿತ್ತು. ಸಾಜ್ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದೆ, ಆರ್ಗನ್ ಬಾಗಿಲ ಬಳಿ ಇದೆ, ಹಿಂದಿನ ಮೂಲೆಯಲ್ಲಿ ಒಬ್ಬಳು ಹುಡುಗಿ ದಫ್ ಹಿಡಿದು ನಿಂತಿದ್ದಾಳೆ. ಅಷ್ಟು ಸ್ಪಷ್ಟ. ಫಿಗೆನ್ ಅಕ್ಕ ಕಣ್ಣು ಒರೆಸಿಕೊಂಡಳು. ನಾನು ಮೇಷ್ಟ್ರ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಮುಖ ಇಳಿದುಹೋಗಿತ್ತು.

"ಮತ್ತೆ ಕಂಬಳಿ" ಎಂದರು, ಮಗ್ಗುಲು ಮುಗಿದ ಮೇಲೆ.

ಎರಡು ಚುಕ್ಕೆಯದನ್ನು ಹಾಕಿದೆ. ಮೊದಲ ನಿಮಿಷಕ್ಕೇ ತುರ್ಗಾಯ್ ತನ್ನ ದವಡೆ ಹಿಡಿದುಕೊಂಡ. ಸಾಜಿನ ತಂತಿ ಚರ್ಮ ಕೊಯ್ಯುವ ಹಾಗಿತ್ತು. ಹಾಡುಗಾರ 'ಸ' ಎಂದಲ್ಲೆಲ್ಲ ಪ್ರೆಷರ್ ಕುಕ್ಕರಿನ ಉಗಿ. ದಫ್‌ನ ಬಿಲ್ಲೆಗಳು ಕಿವಿಯೊಳಗೇ ಗಾಜು ಒಡೆದಂತೆ ಬಂದವು. ಯಾರೋ ಮೇಲಿನ ಸ್ವರವನ್ನೆಲ್ಲ ಹುಚ್ಚುಹುಚ್ಚಾಗಿ ಎತ್ತಿಬಿಟ್ಟಿದ್ದಾರೆ. ಮುಗಿದರೆ ಸಾಕು ಎಂದು ನಾನು ಮುಳ್ಳನ್ನೇ ನೋಡುತ್ತ ಕೂತೆ.

ಮೇಷ್ಟ್ರು ಅಳುತ್ತಿದ್ದರು. ಬಿಕ್ಕಳಿಕೆಯಿಲ್ಲ, ನೀರು ಸುಮ್ಮನೆ ಗಡ್ಡಕ್ಕೆ ಇಳಿಯುತ್ತಿತ್ತು. ಬಾಯಿ ಮಾತ್ರ ನಗುತ್ತಿತ್ತು.

"ಇದೇ. ಎರಡು ಚುಕ್ಕೆಯದ್ದು. ಬುಧವಾರ ಬೆಳಿಗ್ಗೆ ನಾನೇ ಓರ್ಹುನ್‌ಗೆ ಫೋನ್ ಮಾಡ್ತೀನಿ" ಎಂದು ಎದ್ದು, ಟೋಪಿ ಹಾಕಿಕೊಂಡು, ಎರಡೂ ಪ್ರತಿಗಳನ್ನು ನನ್ನ ಬಳಿಯೇ ಬಿಟ್ಟು ಹೊರಟುಹೋದರು. ಅವರು ಮೆಟ್ಟಿಲು ಹತ್ತಿ ಹೋಗುವವರೆಗೆ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ನನ್ನ ಡ್ರಿಲ್ಲೇ ಎಷ್ಟೋ ವಾಸಿ" ಎಂದ ತುರ್ಗಾಯ್.

"ಬಾಯ್ಮುಚ್ಚೋ. ನಮಗೆ ಕೇಳಿಸದ್ದು ಏನೋ ಅವರಿಗೆ ಕೇಳಿಸಿರತ್ತೆ" ಎಂದಳು ಫಿಗೆನ್ ಅಕ್ಕ.

ಆ ಮಾತು ನನ್ನ ತಲೆಯಲ್ಲಿ ಹುಳದಂತೆ ಕೂತಿತು. ಏನು ಕೇಳಿಸಿತು ಅವರಿಗೆ? ನಮ್ಮೆಲ್ಲರಿಗಿಂತ ಒಳ್ಳೆಯ ಕಿವಿ ಯಾಕೆ ಕೆಟ್ಟದ್ದನ್ನು ಆರಿಸಿತು? ಅಂಗಡಿ ಬಾಗಿಲು ಹಾಕಿಕೊಂಡು ಎರಡನ್ನೂ ಮತ್ತೆ ಮತ್ತೆ ಹಾಕಿದೆ. ಎರಡು ಚುಕ್ಕೆಯದರಲ್ಲಿ ಅಡಗಿದ ಸ್ವರ ಯಾವುದೂ ಇರಲಿಲ್ಲ, ಒಂದು ಚುಕ್ಕೆಯದರಲ್ಲಿ ಇಲ್ಲದ್ದು ಅದರಲ್ಲಿ ಒಂದೂ ಇರಲಿಲ್ಲ. ಮೇಲಿನದು ಎದ್ದಿತ್ತು, ಅಷ್ಟೇ. ನನಗೆ ತಿಳಿಯಲಿಲ್ಲ. ತಿಳಿಯದಿದ್ದರೆ ನನಗೆ ಊಟ ಸೇರುವುದಿಲ್ಲ, ಹುಟ್ಟು ಬುದ್ಧಿ ಅದು.

ಸೋಮವಾರ ಮಧ್ಯಾಹ್ನ ಮೇಷ್ಟ್ರು ಯಾವುದೋ ಗ್ರೀಕ್ ರೆಕಾರ್ಡು ಹುಡುಕಿಕೊಂಡು ಬಂದರು. ಮನಸ್ಸು ಹಗುರಾಗಿತ್ತು, ಶಿಳ್ಳೆ ಹಾಕುತ್ತಿದ್ದರು. ನಾನು ಬ್ರೆಜಿಲಿನ ಒಂದು ಹಳೆಯ ಗಿಟಾರ್ ಆಲ್ಬಮ್ ಹಾಕಿಟ್ಟಿದ್ದೆ. ಸೋಮವಾರದ ಚಹಾ ಮೂಲೆಯಂಗಡಿಯಿಂದ ಬರುತ್ತದೆ, ಚಮಚದ ಸಮೇತ. ಅವರು ನನಗೆ ಬೆನ್ನು ಮಾಡಿ, ಪೆಟ್ಟಿಗೆಯಲ್ಲಿನ ಕವರುಗಳನ್ನು ಒಂದೊಂದಾಗಿ ತಿರುವುತ್ತಿದ್ದರು. ನಾನು ಅನ್ಯಮನಸ್ಕಳಾಗಿ ಸಕ್ಕರೆ ಹಾಕಿ ಚಮಚ ತಿರುಗಿಸಿದೆ.

ಟಿಣ್ ಟಿಣ್ ಟಿಣ್.

 ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದೆ. ಬೈಗುಳ ಬರಲಿಲ್ಲ. ತಲೆ ಎತ್ತಿ ನೋಡಿದರೆ ಅವರು ಕವರಿನ ಹಿಂಬದಿ ಓದುತ್ತಿದ್ದಾರೆ. ಮತ್ತೆ ತಿರುಗಿಸಿದೆ, ಈ ಸಲ ಬೇಕೆಂದೇ. ಕಾಲು ತುದಿಯಲ್ಲಿ ನಡೆದು ಅವರ ಬೆನ್ನ ಹಿಂದೆ ನಿಂತು ಲೋಟದ ಅಂಚಿಗೆ ಬಡಿದೆ. ಭುಜ ಕೂಡ ಅಲುಗಲಿಲ್ಲ.

"ಮೇಷ್ಟ್ರೇ" ಎಂದೆ ಮೆಲ್ಲಗೆ.

"ಏನಮ್ಮ?" ಎಂದು ತಕ್ಷಣ ತಿರುಗಿದರು.

ಮಾತು ಕೇಳಿಸುತ್ತಿತ್ತು. ಗಿಟಾರು ಕೇಳಿಸುತ್ತಿತ್ತು. ಗಾಜಿನ ಸದ್ದಿನಷ್ಟು ಮೇಲಿನ ಸ್ವರಗಳು ಮಾತ್ರ ಅವರಿಗೆ ಕೇಳಿಸುತ್ತಿರಲಿಲ್ಲ. ಅದಕ್ಕೇ ಎಲ್ಲದಕ್ಕೂ ಕಂಬಳಿ. ಅದಕ್ಕೇ ಎಲ್ಲ ಮುಳ್ಳೂ ಮೊಂಡು. ಅದಕ್ಕೇ ಮೇಲಿನದನ್ನು ಎತ್ತಿದ ಎರಡು ಚುಕ್ಕೆ. ಏನೂ ಇಲ್ಲ ಮೇಷ್ಟ್ರೇ, ಚಹಾ ಆರಿಹೋಗುತ್ತೆ ಎಂದೆ. 

ಅವರು ಹೋದ ಮೇಲೆ ತುರ್ಗಾಯ್‌ನನ್ನೂ ಫಿಗೆನ್ ಅಕ್ಕನನ್ನೂ ಕರೆಸಿ ಹೇಳಿದೆ.

"ಹೇಳ್ಬಿಡೋಣ. ಹಲ್ಲು ಹೋಗಿದೆ ಅಂತ ನಾನು ದಿನಾ ಜನಕ್ಕೆ ಹೇಳಲ್ವ? ಐದು ನಿಮಿಷ ಅಳ್ತಾರೆ, ಆಮೇಲೆ ಸುಧಾರಿಸ್ಕೋತಾರೆ" ಎಂದ ತುರ್ಗಾಯ್.

"ಹಲ್ಲಾದ್ರೆ ಕಟ್ಟಿಸ್ಕೋಬಹುದು ಕಣೋ ಗೂಬೆ. ಈ ಮನುಷ್ಯಂಗೆ ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ಆ ಕಿವಿ ಒಂದಿದೆ ಅಂತ ಬೆಳಿಗ್ಗೆ ಏಳ್ತಾರೆ. ಅದೂ ಇಲ್ಲ ಅಂತ ನೀನು ಹೋಗಿ ಹೇಳ್ತೀಯ? ಒತ್ಲಿ ಬಿಡು ಎರಡು ಚುಕ್ಕೇದೇ. ಯಾರ ಗಂಟು ಹೋಗತ್ತೆ?" ಎಂದಳು ಫಿಗೆನ್ ಅಕ್ಕ.

"ಅವರ ಗಂಟೇ ಹೋಗತ್ತೆ ಅಕ್ಕ" ಎಂದೆ. ಧ್ವನಿ ಏರಿತು, ಏರಲಿ. "ಹಿಂದಗಡೆ ಅವರ ಹೆಸರು ಇರತ್ತೆ. ಬೆರ್ಲಿನ್ನಲ್ಲಿ ಒಬ್ಬ ಅದನ್ನ ಹಾಕಿ, ಕಿವಿ ಹಿಡ್ಕೊಂಡು, ಯಾವ ಕಿವುಡ ಒಪ್ಪಿದ್ದು ಇದನ್ನ ಅಂತ ಕೇಳ್ತಾನೆ. ಆಗ ಅವರಿಗೆ ಗೊತ್ತಾಗ್ಬೇಕಾ? ಮುಅಲ್ಲಾ ಬಾರಿಸಿದ್ದನ್ನ ಜಗತ್ತು ಕೇಳೋದು ಇದೊಂದೇ ಸಲ. ಒಂದೇ ಸಲಕ್ಕೆ ಜನ ಮುಳ್ಳು ಎತ್ತಿಬಿಡ್ತಾರೆ. ಇನ್ನೊಂದು ಮರುಮುದ್ರಣ ನಮ್ಮ ಕಾಲದಲ್ಲಿ ಬರಲ್ಲ."

ಹೇಳುವುದು ಎಂದು ತೀರ್ಮಾನವಾಯಿತು. ಯಾರು ಹೇಳುವುದು ಎಂದು ಮಾತ್ರ ಆಗಲಿಲ್ಲ.

ಮಂಗಳವಾರ ಮೂವರೂ ಚೀಸ್ ತುಂಬಿದ ಬೋರೆಕ್ ತಿಂಡಿ ಕಟ್ಟಿಸಿಕೊಂಡು ಮೋದಾಗೆ ಹೋದೆವು. ಪರೀಕ್ಷಾ ಪ್ರತಿಗಳು ನನ್ನ ಚೀಲದಲ್ಲಿದ್ದವು. ಮೇಷ್ಟ್ರು ಬಾಗಿಲು ತೆರೆದು ನಮ್ಮನ್ನು ಮೇಲಿಂದ ಕೆಳಗೆ ನೋಡಿದರು.

"ಏನು, ಮೂರೂ ಜನ ಒಟ್ಟಿಗೆ? ಯಾರು ಹೋದ್ರು?"

"ಯಾರೂ ಹೋಗಿಲ್ಲ ಮೇಷ್ಟ್ರೇ. ಬೋರೆಕ್ ತಂದಿದೀವಿ."

"ಬೋರೆಕ್ ತಂದ್ರೆ ಇನ್ನೂ ಅನುಮಾನ."

ಚಹಾ ಆಯಿತು, ಬೋರೆಕ್ ಆಯಿತು. ದಾರಿಯುದ್ದಕ್ಕೂ ಧೈರ್ಯ ಹೇಳುತ್ತಿದ್ದ ತುರ್ಗಾಯ್ ಈಗ ಬಾಲ್ಕನಿಯಲ್ಲಿ ನಿಂತು ಹಡಗು ಎಣಿಸುತ್ತಿದ್ದ. ಹಲ್ಲು ಕೀಳುವವರ ಧೈರ್ಯವೆಲ್ಲ ರೋಗಿ ಬಾಯಿ ತೆರೆದು ಮಲಗಿದಾಗ ಮಾತ್ರ ಎಂದು ಕಾಣುತ್ತದೆ. ಕೊನೆಗೆ ನಾನೇ ಬಾಯಿಬಿಟ್ಟೆ. ಆದರೆ ಹೊರಬಂದದ್ದು ಉತ್ತರವಲ್ಲ, ಪ್ರಶ್ನೆ.

"ಮೇಷ್ಟ್ರೇ, ಎರಡು ಚುಕ್ಕೇದೇ ಯಾಕೆ?"

ಅವರು ಎದ್ದು ಹೋಗಿ ಬೀರು ತೆರೆದರು. ಒಳಗಿಂದ ಒಂದೇ ಆಲ್ಬಮ್ಮಿನ ಮೂರು ಪ್ರತಿಗಳನ್ನು ತಂದು ಚಾಪೆಯ ಮೇಲೆ ಇಟ್ಟರು. ಮೂರು ಕಿಟಕಿ, ಮೂರು ಕಿಟಕಿ, ಮೂರು ಕಿಟಕಿ. ನಮ್ಮಂಥವರು ವರ್ಷಗಟ್ಟಲೆ ಹುಡುಕಿದರೂ ಒಂದು ಸಿಗದ ರೆಕಾರ್ಡು ಅದು.

"ಇದು ನಮ್ದು, ಮದುವೆಗೆ ಮುಂಚೆ ತಗೊಂಡಿದ್ದು" ಎಂದು ಅಂಚು ಸವೆದ ಒಂದನ್ನು ಮುಟ್ಟಿದರು. "ಅವಳು ಹೋದ್ಮೇಲೆ ದಿನಾ ಹಾಕ್ತಿದ್ದೆ. ಎದ್ದ ತಕ್ಷಣ ಹಾಕ್ತಿದ್ದೆ, ಮಲಗೋ ಮುಂಚೆ ಹಾಕ್ತಿದ್ದೆ. ಎರಡನೇ ಹಾಡಿಗೆ ಅವಳು ಬರೋಳು. ಆಮೇಲೆ ಒಂದಿನ ನೋಡ್ತೀನಿ, ದಫ್ ತೆಳ್ಳಗಾಗಿದೆ. ಇನ್ನೂ ತೆಳ್ಳಗಾಯ್ತು. ಆಮೇಲೆ ಇಲ್ವೇ ಇಲ್ಲ. ಮುಳ್ಳು ಗೆರೇನ ತಿನ್ನತ್ತೆ, ಅದರಲ್ಲೂ ಆ ಮೇಲಿನ ಸಣ್ಣ ಸದ್ದನ್ನೇ ಮೊದಲು ತಿನ್ನತ್ತೆ. ಇದು ನನಗೆ ಗೊತ್ತಿರದ ವಿಷಯವಾ? ಊರಿಗೆಲ್ಲ ಬುದ್ಧಿ ಹೇಳೋನು ನಾನು. ಗೊತ್ತಿದ್ದೂ ತಿರುಗಿಸಿ ತಿರುಗಿಸಿ ಸವೆಸಿಬಿಟ್ಟೆ ಅವಳನ್ನ."

ಫಿಗೆನ್ ಅಕ್ಕ ಕೈಯಲ್ಲಿದ್ದ ಬೋರೆಕ್ ತುಂಡನ್ನು ತಟ್ಟೆಗಿಟ್ಟಳು.

"ಅಂಕಾರಾದಿಂದ ಇನ್ನೊಂದು ತರಿಸ್ದೆ. ಅದ್ರಲ್ಲೂ ಇಲ್ಲ. ಇನ್ಯಾರೋ ಸವೆಸಿರ್ಬೇಕು ಅಂದ್ಕೊಂಡೆ. ಇಜ್ಮೀರಲ್ಲಿ ಸೀಲು ಒಡೀದೇ ಇದ್ದದ್ದು ಒಂದು ಸಿಕ್ತು. ಪ್ಲಾಸ್ಟಿಕ್ ನಾನೇ ಹರಿದೆ. ಅದ್ರಲ್ಲೂ ಇಲ್ಲ. ಆಗ ಗೊತ್ತಾಯ್ತು, ಬೇರೆ ಒತ್ತಿನಲ್ಲಿ ಅವಳು ಸರಿಯಾಗಿ ಬಂದೇ ಇರ್ಲಿಲ್ಲ. ನಮ್ಮ ಪ್ರತೀಲಿ ಮಾತ್ರ ಇದ್ಲು. ಅದನ್ನೇ ನಾನು ಹಾಳು ಮಾಡಿದ್ದು. ಅವತ್ತಿಂದ ಮುಟ್ಟಿಲ್ಲ. ಭಾನುವಾರ ಆ ಎರಡು ಚುಕ್ಕೇದ್ರಲ್ಲಿ ಬಂದ್ಲು ನೆಸ್ರಿನ್! ಅಲ್ಲೇ ಮೂಲೇಲಿ ನಿಂತಿದ್ಲು. ನಿಂಗೆ ಕೇಳ್ಲಿಲ್ವ?"

ಅಲ್ಲಿಯವರೆಗೂ ನಾನು ಕೆಟ್ಟ ಸುದ್ದಿ ಹೊತ್ತು ಬಂದವಳು ಎಂದುಕೊಂಡಿದ್ದೆ. ಈಗ ನೋಡಿದರೆ ಈ ಮನುಷ್ಯ ತಾನೇ ಹೆಂಡತಿಯನ್ನು ಅಳಿಸಿಹಾಕಿದೆ ಎಂಬ ಭಾರ ಹೊತ್ತು ವರ್ಷಗಳಿಂದ ಕೂತಿದ್ದಾರೆ. ಸೀಲು ಒಡೆಯದ ಪ್ರತಿಯಲ್ಲೂ ಇಲ್ಲವೆಂದಾಗಲೂ ತನ್ನ ಕಿವಿಯನ್ನು ಅನುಮಾನಿಸುವ ಯೋಚನೆ ಅವರಿಗೆ ಬರಲಿಲ್ಲ. ನಮ್ಮ ಜಾತಿಯ ಹುಚ್ಚರಿಗೆ ಮಾತ್ರ ಆಗುವ ತಪ್ಪು ಅದು. ಮುಳ್ಳನ್ನು ಬೈಯುತ್ತೇವೆ, ಕಾರ್ಖಾನೆಯನ್ನು ಬೈಯುತ್ತೇವೆ, ಕಿವಿಯನ್ನು ಬೈಯುವುದಿಲ್ಲ.

"ಕೇಳ್ತು ಮೇಷ್ಟ್ರೇ. ಒಂದು ಚುಕ್ಕೇದ್ರಲ್ಲೂ ಕೇಳ್ತು. ಅದರಲ್ಲೇ ಚೆಂದ ಕೇಳ್ತು. ಈ ಮೂರರಲ್ಲೂ ಇರತ್ತೆ. ಹೋಗಿರೋದು ದಫ್ ಅಲ್ಲ..." ಎಂದೆ. ಮುಂದಿನದಕ್ಕೆ ನನ್ನ ಕಿವಿ ಮುಟ್ಟಿ ತೋರಿಸಿದೆ.

ಅವರಿಗೆ ಅರ್ಥವಾಯಿತು. ಮುಖ ಮೊದಲು ಬಿಳಿಚಿಕೊಂಡಿತು, ಆಮೇಲೆ ಕೆಂಪಾಯಿತು.

"ಓಹೋ! ಮುದುಕನ್ನ ಸಮಾಧಾನ ಮಾಡೋಕೆ ಸುಳ್ಳು ಕಟ್ಕೊಂಡು ಬಂದ್ರಾ? ಅದಕ್ಕೆ ಬೋರೆಕ್ ಬೇರೆ! ಈ ಪ್ರತೀಲಿ ದಫ್ ಇದೆಯಂತೆ. ಇದನ್ನ ಸವೆಸಿದೋನು ನಾನು, ನಂಗೆ ಗೊತ್ತಿಲ್ಲ, ಇವಳಿಗೆ ಗೊತ್ತು!"

"ಹಾಕಿ ನೋಡಿ ಮತ್ತೆ" ಎಂದೆ ನಾನೂ ಸಿಟ್ಟಿನಿಂದಲೇ.

"ಹಾಕ್ತೀನಿ. ಪರೀಕ್ಷೆ ಮಾಡ್ತೀನಿ. ಏಳಿ ಮೂರೂ ಜನ!"

ನಲವತ್ತು ಮಕ್ಕಳ ತರಗತಿಯನ್ನು ಗದರಿಸುತ್ತಿದ್ದ ಧ್ವನಿ ಅದು. ನಾವು ಎದ್ದು ನಿಂತೆವು. ಅವರು ಒಬ್ಬೊಬ್ಬರನ್ನೂ ಭುಜ ಹಿಡಿದು ಬೇರೆ ಬೇರೆ ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿದರು.

"ಕಣ್ಣು ಮುಚ್ಚಿ. ಕಾಪಿ ಹೊಡೆಯೋಹಾಗಿಲ್ಲ. ತುರ್ಗಾಯ್, ನಿನಗೇ ಹೇಳ್ತಿರೋದು. ಎರಡನೇ ಹಾಡು. ಅವಳು ಎಲ್ಲೆಲ್ಲಿ ಹೊಡೀತಾಳೋ ಅಲ್ಲಲ್ಲಿ ಬೆರಳೆತ್ತಬೇಕು. ಅವಳು ತಾಳಕ್ಕೆ ಸರಿಯಾಗಿ ಹೊಡೆಯೋಳಲ್ಲ, ಮನಸ್ಸು ಬಂದಲ್ಲಿ ಹೊಡೆಯೋಳು. ಊಹೆ ಮಾಡಿದ್ರೆ ಸಿಕ್ಕಿಬೀಳ್ತೀರ. ಒಂದೊಂದು ಏಟೂ ನಂಗೆ ಬಾಯಿಪಾಠ."

ಅವರು ಹಾಕಿದ್ದು ಸೀಲು ಒಡೆದದ್ದನ್ನಲ್ಲ, ಅಂಚು ಸವೆದ ಆ ಹಳೆಯದನ್ನೇ. ಚಟಪಟ ಸದ್ದು, ಮುಳ್ಳು ಗೆರೆಗೆ ಕೂತ ಸದ್ದು. ಆಮೇಲೆ ಆರ್ಗನ್. ನನಗೆ ನಿಜವಾಗಿ ಭಯವಾಯಿತು. ಅಷ್ಟು ತಿರುಗಿಸಿದ ರೆಕಾರ್ಡು, ಅವರು ಹೇಳಿದ್ದೇ ನಿಜವಾಗಿದ್ದರೆ? ಎರಡೂ ನಿಜವಾಗಿದ್ದರೆ? ಸಾಜ್ ಬಂತು, ಡ್ರಮ್ಮು ಬಂತು. ನಾನು ಗೋಡೆಗೆ ಹಣೆ ತಾಗಿಸಿ ಕಾದೆ.

ಬಂತು. ಚಟಪಟದ ಹಿಂದೆ, ಸ್ವಲ್ಪ ಮಾಸಿದ್ದರೂ ಬಂತು. ನಾನು ಬೆರಳೆತ್ತಿದೆ. ಸ್ವಲ್ಪ ಬಿಟ್ಟು ಇನ್ನೊಂದು. ಆಮೇಲೆ ಒಟ್ಟಿಗೆ ಎರಡು. ಆಮೇಲೆ ಹಾಡುಗಾರ ಒಂದು ಸಾಲು ಪೂರ್ತಿ ಹಾಡಿದರೂ ಇಲ್ಲ, ಅವಳು ಏನೋ ಯೋಚಿಸುತ್ತ ನಿಂತುಬಿಟ್ಟಿದ್ದಾಳೆ, ಆಮೇಲೆ ನೆನಪಾಗಿ ಮತ್ತೆ ಹೊಡೆಯುತ್ತಾಳೆ. ನಿಜಕ್ಕೂ ತಾಳವಿಲ್ಲದ ಹುಡುಗಿ.

"ತುರ್ಗಾಯ್, ಒಂದು ಬಿಟ್ಟೆ" ಎಂದರು ಮೇಷ್ಟ್ರು.

"ಸಾರಿ ಮೇಷ್ಟ್ರೇ, ಮೂಗು ತುರಿಸ್ತಿತ್ತು."

ನಾನು ಮೋಸ ಮಾಡಿದೆ. ಕತ್ತು ಹೊರಳಿಸಿ ಒಂದು ಕಣ್ಣು ತೆರೆದೆ. ಫಿಗೆನ್ ಅಕ್ಕನ ಬೆರಳು ಆ ಗೋಡೆಯಲ್ಲಿ, ತುರ್ಗಾಯ್‌ನ ಬೆರಳು ಈ ಗೋಡೆಯಲ್ಲಿ, ಒಬ್ಬರಿಗೊಬ್ಬರು ಕಾಣದೆ ಒಟ್ಟಿಗೇ ಏಳುತ್ತಿದ್ದವು. ನಡುವೆ ಮೇಷ್ಟ್ರು ನಿಂತಿದ್ದರು. ಅವರ ಬೆರಳೂ ಏಳುತ್ತಿತ್ತು. ಕೇಳಿಸದವರ ಬೆರಳು ಕೇಳಿಸಿದವರಿಗಿಂತ ಒಂದು ಎಳೆ ಮುಂಚೆಯೇ ಏಳುತ್ತಿತ್ತು, ಅವರ ಹಿಂದೆ ನಾವು ಮೂವರು.

ಹಾಡು ಮುಗಿಯಿತು. ಅವರು ಮುಳ್ಳು ಎತ್ತಲಿಲ್ಲ. ಮೂರನೇ ಹಾಡು ತನ್ನಷ್ಟಕ್ಕೆ ಶುರುವಾಯಿತು.

"ಇದ್ದಾಳಾ ಹಾಗಾದ್ರೆ" ಎಂದರು.

"ಇದ್ದಾಳೆ ಮೇಷ್ಟ್ರೇ" ಎಂದಳು ಫಿಗೆನ್ ಅಕ್ಕ.

"ಪೂರ್ತಿ?"

"ಪೂರ್ತಿ."

ಅವರು ಕುರ್ಚಿಗೆ ಕುಸಿದು ಕೂತರು. "ನಾನು ಸವೆಸಿಲ್ಲ" ಎಂದರು. ಮತ್ತೊಮ್ಮೆ, ನಮಗಲ್ಲ, ಚಾಪೆಯ ಮೇಲಿದ್ದ ಖಾಲಿ ಕವರಿಗೆ ಹೇಳುವಂತೆ, "ನಾನು ಸವೆಸಿಲ್ಲ ಕಣೇ." ನಾನು ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟು ಅತ್ತುಬಿಟ್ಟೆ. ನನ್ನ ಹಿಂದೆಯೇ ಬಂದ ತುರ್ಗಾಯ್ ಲೋಟ ತೊಳೆದ.

ಬುಧವಾರದವರೆಗೆ ಕಾಯಲಿಲ್ಲ. ಅಲ್ಲಿಂದಲೇ ಓರ್ಹುನ್‌ಗೆ ಫೋನ್ ಮಾಡಿದರು.

"ಒಂದು ಚುಕ್ಕೇದು ಒತ್ತು. ಕೇಳಿ ಒಪ್ಪಿದವರು ಅಂತ ನನ್ನ ಹೆಸರು ಹಾಕ್ಬೇಡ. ಬರ್ಕೋ. ನೆಸ್ರಿನ್, ಫಿಗೆನ್, ತುರ್ಗಾಯ್. ಹೂಂ, ಹಲ್ಲಿನ ಡಾಕ್ಟ್ರೇ. ಇನ್ನೊಂದು ಹೆಸರು ಬಿಟ್ಟುಹೋಗಿದೆ, ಅದನ್ನ ಮುಂದಗಡೆ ಹಾಕು. ದಫ್: ಮುಅಲ್ಲಾ."

ಫೋನ್ ಇಟ್ಟು ಬಾಲ್ಕನಿ ಕಡೆ ನೋಡುತ್ತ ಕೂತರು. ಆ ಕ್ಷಣ ಅವರು ತುಂಬ ಮುದುಕರಾಗಿ ಕಂಡರು, ಹಾಗೆ ಕಂಡದ್ದನ್ನು ನನಗೆ ಸಹಿಸಲಾಗಲಿಲ್ಲ. ಚೀಲದಿಂದ ಎರಡು ಚುಕ್ಕೆಯ ಪ್ರತಿಯನ್ನು ತೆಗೆದೆ. ಅವರದೇ ಮೇಜಿನ ಮೇಲಿದ್ದ ಪೇಪರಿನಲ್ಲಿ ಸುತ್ತಿ ಅವರ ತೊಡೆಯ ಮೇಲಿಟ್ಟೆ.

"ಈ ವಾರ ನಿಮಗೆ ಇದು. ಭಾನುವಾರ ಬಂದು ನಿಜ ಹೇಳ್ಬೇಕು. ಚೆನ್ನಾಗಿದೆ ಅನ್ನೋಹಾಗಿಲ್ಲ."

ಅವರು ಪೊಟ್ಟಣವನ್ನು ತಿರುಗಿಸಿ ನೋಡಿ, ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಏನೋ ಹೊಳೆದಂತೆ ತಲೆಯೆತ್ತಿ ನನ್ನನ್ನೇ ದಿಟ್ಟಿಸಿದರು.

"ನಿಂಗೆ ಹೆಂಗೆ ಗೊತ್ತಾಯ್ತು?"

ನಾನು ಮೇಜಿನ ಮೇಲಿನ ಖಾಲಿ ಲೋಟಗಳನ್ನು ಜೋಡಿಸತೊಡಗಿದೆ.

"ಚಮಚ ಅಲ್ವಾ? ನಿನ್ನೆ, ಅಂಗಡೀಲಿ. ನನ್ನ ಬೆನ್ನ ಹಿಂದೆ. ರೆಕಾರ್ಡು ತಿರುಗ್ತಿರೋವಾಗ!"

"ಹೂಂ ಮೇಷ್ಟ್ರೇ."

"ಎದ್ದು ಹೊರಗೆ ಹೋಗು" ಎಂದರು. ಹೋಗಲಿಲ್ಲ, ಅವರ ಪಕ್ಕದಲ್ಲೇ ಕೂತು ಉಳಿದ ಬೋರೆಕ್ ತಿಂದೆ.